ಒರೆಯೊಳಗಿನ ನೀಲಿ ದಾರ

ಗಣ್ಯರ ಭದ್ರತಾ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ವಿಭಾಗದ ಅಂಗರಕ್ಷಕನೊಬ್ಬನ ಕಾಲಿಗೆ ಅವನದೇ ಪಿಸ್ತೂಲಿನ ಗುಂಡು ಹೊಕ್ಕು ಇಂದಿಗೆ ಐವತ್ತೆರಡು ದಿನ. 'ಸ್ವಂತ ಅಜಾಗರೂಕತೆ' ಎಂಬ ಎರಡು ಪದ ಬರೆದು ಅವನನ್ನು ಕೆಲಸದಿಂದ ತೆಗೆಯುವ ಆದೇಶ ಈ ತಿಂಗಳ ಕೊನೆಗೆ ನಿಮ್ಮ ಸಹಿಗೆ ಬರಲಿದೆ ಎಂದು ತಿಳಿಯಿತು. ಆ ಎರಡು ಪದ ಸುಳ್ಳು. ಗುಂಡು ಹಾರಲು ಕಾರಣವಾದ ಬಟ್ಟೆಯ ತುಂಡನ್ನು ಕತ್ತರಿಸಿ ಹೊಲಿದವನು ನಾನೇ ಆದ್ದರಿಂದ ಅದು ನನಗೆ ಗೊತ್ತು. ನಾನು ದರ್ಜಿ. ಇದನ್ನೇ ನಿಮ್ಮ ಕಚೇರಿಗೆ ಮೂರು ಅರ್ಜಿಗಳಲ್ಲಿ ಬರೆದುಕೊಟ್ಟೆ. ಮೂರಕ್ಕೂ ಸ್ವೀಕೃತಿಯ ಮುದ್ರೆ ಬಿತ್ತು, ಒಂದಕ್ಕೂ ಉತ್ತರ ಬರಲಿಲ್ಲ. ಮುದ್ರೆ ಒತ್ತುವುದರಲ್ಲಿ ನಿಮ್ಮವರ ಕೈ ಎಷ್ಟು ಚುರುಕೆಂದರೆ, ಎರಡನೆಯ ಅರ್ಜಿಯಲ್ಲಿ ನನ್ನ ಸಹಿಯೇ ಮುದ್ರೆಯ ಅಡಿಗೆ ಸಿಕ್ಕಿ ಕಾಣದಾಯಿತು. ಆದ್ದರಿಂದ ಈ ಬಾರಿ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಮುದ್ರೆ ಒತ್ತುವವರಿಲ್ಲ, ಓದುವವರಿದ್ದಾರೆ.

ನಿಮ್ಮ ಅಂಗರಕ್ಷಕರ ವಸತಿಗೃಹದ ಹಿಂಬಾಗಿಲಿಗೆ ಎದುರಾಗಿ ನನ್ನ ಅಂಗಡಿಯಿದೆ. ಇಪ್ಪತ್ತಾರು ವರ್ಷಗಳಿಂದ ಅವರ ಕೋಟುಗಳನ್ನು ಹೊಲಿಯುತ್ತಿದ್ದೇನೆ. ಅವರ ಅಳತೆಯನ್ನು ಬೇರೆಯವರ ಅಳತೆಯಂತೆ ತೆಗೆಯಲಾಗುವುದಿಲ್ಲ. ಬಲ ಸೊಂಟದ ಬಳಿ ಎರಡು ಇಂಚು ಹೆಚ್ಚು ಬಿಡಬೇಕು, ಅಲ್ಲಿ ಅಸ್ತರನ್ನು ಎರಡು ಪದರ ಹಾಕಬೇಕು, ಕೆಳಗಿನ ಗುಂಡಿಯ ಕಾಜವನ್ನು ಸಡಿಲವಾಗಿ ಕತ್ತರಿಸಬೇಕು. ಕೋಟಿನೊಳಗೆ ಪಿಸ್ತೂಲಿರುವುದು ನೋಡುವವರಿಗೆ ತಿಳಿಯಬಾರದು, ಬೇಕಾದಾಗ ಕೈಗೆ ತಡವಾಗಲೂಬಾರದು. ನಿಮ್ಮ ಕೋಟೂ ಒಮ್ಮೆ ನನ್ನಲ್ಲೇ ಹೊಲಿಗೆಯಾಗಿತ್ತು. ಸೊಂಟ ಮೂವತ್ತೆಂಟು, ಎಡ ಬಲ ಎರಡೂ ಸಮ. ನೀವು ಪಿಸ್ತೂಲು ಕಟ್ಟುವವರಲ್ಲ ಎಂಬುದು ಹೀಗೆ ನನಗೆ ಗೊತ್ತಾಯಿತು. ಕಟ್ಟುತ್ತಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಮೂರು ವರ್ಷಗಳ ಹಿಂದೆ ನಿಮ್ಮ ವಿಭಾಗ ಹಳೆಯ ರಿವಾಲ್ವರುಗಳನ್ನು ವಾಪಸು ಪಡೆದು ಹೊಸ ಪಿಸ್ತೂಲುಗಳನ್ನು ಕೊಟ್ಟಿತು. ರಿವಾಲ್ವರಿನ ಹೊಟ್ಟೆ ದಪ್ಪ, ಹೊಸ ಪಿಸ್ತೂಲು ಚಪ್ಪಟೆ. ಹಳೆಯದರ ಟ್ರಿಗರ್ ಗಟ್ಟಿ. ಹೊಸದರದು ಮೃದು, ಅದನ್ನು ತಡೆದು ಹಿಡಿಯುವ ಬೇರೆ ಬೀಗವೂ ಇಲ್ಲ. ಇಂಥ ಆಯುಧ ತನ್ನ ಅಳತೆಯ ಒರೆಯೊಳಗೆ ಬಿಗಿಯಾಗಿ, ಟ್ರಿಗರ್ ಪೂರ್ತಿ ಮುಚ್ಚಿಕೊಂಡು ಕೂರಬೇಕು. ನೀವು ಪಿಸ್ತೂಲು ಬದಲಿಸಿದಿರಿ, ಒರೆ ಬದಲಿಸಲಿಲ್ಲ. ಅಂಗರಕ್ಷಕರು ಕೇಳಿದಾಗ ಬಂದ ಲಿಖಿತ ಉತ್ತರದ ನಕಲು ನನ್ನ ಬಳಿ ಇದೆ, ಅದರಲ್ಲಿರುವುದು ಇಷ್ಟು: ಪಿಸ್ತೂಲು ಶಸ್ತ್ರಾಗಾರದ ಸಾಮಾನು, ಒರೆ ಸಮವಸ್ತ್ರದ ಸಾಮಾನು. ಬೂಟು, ಬೆಲ್ಟು, ಟೋಪಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಒರೆಯ ಬಾಳಿಕೆ ಹತ್ತು ವರ್ಷ, ಸದರಿ ಒರೆಗಳಿಗೆ ಇನ್ನೂ ಆರು ವರ್ಷ ಬಾಕಿ ಇರುವುದರಿಂದ ಮನವಿಯನ್ನು ಪರಿಗಣಿಸಲು ಅವಕಾಶವಿಲ್ಲ. ಪಾದ ಬೇರೆಯಾದರೂ ಬೂಟು ಹರಿದಿಲ್ಲವಲ್ಲ, ಹಾಕಿಕೊಂಡು ನಡೆಯಿರಿ ಎಂದಂತಾಯಿತು.

ಮೊದಲು ನನ್ನ ಅಂಗಡಿಗೆ ಬಂದವರು ಹಿರಿಯ ಅಂಗರಕ್ಷಕರೊಬ್ಬರು. ಅಂಗಡಿಯೊಳಗೆ ನಾಲ್ಕು ಹೆಜ್ಜೆ ನಡೆದು ತೋರಿಸಿದರು. ಸೊಂಟದಲ್ಲಿ ಲೊಟ ಲೊಟ ಸದ್ದು.

"ಕೇಳಿಸ್ತಾ ಮಾಸ್ಟ್ರೇ? ನಾನು ಬರೋದು ನನಗಿಂತ ಮುಂಚೆ ಎಲ್ಲರಿಗೂ ಗೊತ್ತಾಗುತ್ತೆ. ನಿನ್ನೆ ಸಂತಾಪ ಸಭೆಯಲ್ಲಿ ಎಲ್ಲರೂ ಎದ್ದು ಮೌನವಾಗಿ ನಿಂತಿದ್ರು. ಇದೊಂದು ಮಾತ್ರ ಮಾತಾಡ್ತಾ ಇತ್ತು."

"ಪಿಸ್ತೂಲಿನ ಚೀಲಕ್ಕೆ ನಾನೇನು ಮಾಡಲಿ ಸ್ವಾಮಿ? ನಾನು ಬಟ್ಟೆಯವನು."

"ಬಟ್ಟೇನೇ ಹಾಕಿ. ಒಳಗಡೆ ಒಂದು ಪಟ್ಟಿ ಹೊಲಿದುಕೊಡಿ, ಅಲ್ಲಾಡದೆ ಕೂತರೆ ಸಾಕು. ಬಗ್ಗಿದರೆ ಎಲ್ಲಿ ಬಿದ್ದುಹೋಗುತ್ತೋ ಅಂತ ಊಟಕ್ಕೆ ಕೂರೋಕೂ ಭಯ."

ಕೋಟಿನ ಕಾಲರಿನ ಅಡಿಗೆ ಹಾಕುವ ದಪ್ಪ ಉಣ್ಣೆ ಬಟ್ಟೆ ಪ್ರತಿಯೊಬ್ಬ ದರ್ಜಿಯ ಬಳಿಯೂ ಇರುತ್ತದೆ. ಅದನ್ನು ಕತ್ತರಿಸಿ ಒರೆಯ ಒಳಗೋಡೆಗೆ ಅಂಟಿಸಿ, ಮೇಲೆ ಕೈಹೊಲಿಗೆ ಹಾಕಿದೆ. ಒರೆಯ ಒಳಗೆ ಯಂತ್ರದ ಸೂಜಿ ಹೋಗುವುದಿಲ್ಲ. ಕೈಯೂ ಅದರ ಬಾಯಿಯ ಹತ್ತಿರಕ್ಕಷ್ಟೇ ಹೋಗುತ್ತದೆ, ಆಳದಲ್ಲಿ ಬರೀ ಅಂಟು. ಪಿಸ್ತೂಲು ಬಿಗಿಯಾಗಿ ಕೂತಿತು. ಹಿರಿಯರಿಗೆ ಖುಷಿಯಾಯಿತು. ಒಂದೇ ತಿಂಗಳಲ್ಲಿ ಹನ್ನೊಂದು ಒರೆಗಳು ನನ್ನ ಅಂಗಡಿಗೆ ಬಂದು ಹೋದವು. ಕೊನೆಯದು ನನ್ನ ಹೆಂಡತಿಯ ತಮ್ಮನದು. ಚಿಕ್ಕಂದಿನಿಂದ ನೆಟ್ಟಗೆ ನಿಲ್ಲುವ ಅಭ್ಯಾಸವಿದ್ದುದರಿಂದ ಮನೆಯಲ್ಲಿ ಅವನನ್ನು ಕಂಬ ಎಂದೇ ಕರೆಯುತ್ತೇವೆ. ನಿಮ್ಮ ಕಡತದಲ್ಲಿ 'ಅಜಾಗರೂಕ' ಆಗಿರುವವನು ಅವನೇ.

ನನ್ನ ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೋಟಿನ ಅಸ್ತರು ಮೈಗೆ ಅಂಟಿಕೊಂಡು ಬೆವರು ಕುಡಿಯುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು ಎಂದು ಗಿರಾಕಿಗಳಿಗೆ ಹೇಳುವವನು ನಾನು. ಒರೆಯೂ ಅದೇ ಮೈಗೆ ಅಂಟಿಕೊಂಡಿರುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಬೆವರಿಗೆ ಅಂಟು ಬಿಡುತ್ತದೆ. ಅಂಟು ಬಿಟ್ಟ ಪಟ್ಟಿ ಮಡಚಿಕೊಳ್ಳುತ್ತದೆ. ಬಟ್ಟೆ ಮಡಚಿಕೊಂಡರೆ ನನ್ನ ಕೆಲಸದಲ್ಲಿ ಒಂದು ಸುಕ್ಕು ಬೀಳುತ್ತದೆ, ಇಸ್ತ್ರಿ ಹಾಕಿದರೆ ಹೋಗುತ್ತದೆ. ಅವರ ಕೆಲಸದಲ್ಲಿ ಏನಾಗುತ್ತದೆ ಎಂಬುದನ್ನು ಐವತ್ತೆರಡು ದಿನಗಳ ಹಿಂದೆ ಕಲಿತೆ.

ಅಂದು ಗಣ್ಯರೊಬ್ಬರು ಆಸ್ಪತ್ರೆಯ ಹೊಸ ಸ್ಕ್ಯಾನ್ ಕೋಣೆಯನ್ನು ಉದ್ಘಾಟಿಸುವ ಕಾರ್ಯಕ್ರಮವಿತ್ತು. ಆ ಯಂತ್ರದೊಳಗೆ ದೊಡ್ಡ ಅಯಸ್ಕಾಂತ ಇರುವುದರಿಂದ ಲೋಹದ ವಸ್ತುಗಳನ್ನು ಒಳಗೆ ಬಿಡುವುದಿಲ್ಲ. ಕಂಬ ತನ್ನ ಪಿಸ್ತೂಲನ್ನು ಹೊರಗಿನ ಕಪಾಟಿನಲ್ಲಿಟ್ಟು ಒಳಗೆ ಹೋದ. ಗಣ್ಯರು ಹತ್ತು ನಿಮಿಷ ಇರಬೇಕಾದವರು ಮೂರೇ ನಿಮಿಷಕ್ಕೆ ಹೊರಬಂದು ಮೊಗಸಾಲೆಯಲ್ಲಿ ಸರಸರ ನಡೆದರು. ಅವರಿಗೂ ತನಗೂ ಎರಡು ಹೆಜ್ಜೆಗಿಂತ ಹೆಚ್ಚು ಅಂತರ ಇರಬಾರದೆಂಬುದು ನಿಮ್ಮದೇ ನಿಯಮ. ಅವನು ಪಿಸ್ತೂಲು ತೆಗೆದುಕೊಂಡು, ಓಡುತ್ತಲೇ, ಕಣ್ಣು ಗಣ್ಯರ ಬೆನ್ನ ಮೇಲಿಟ್ಟು, ಒರೆಯೊಳಗೆ ತಳ್ಳಿದ. ಒಳಗೆ ಮಡಚಿ ನಿಂತಿದ್ದ ನನ್ನ ಉಣ್ಣೆಯ ಪಟ್ಟಿ ಟ್ರಿಗರಿನ ಸುತ್ತಲಿನ ಬಳೆಯೊಳಗೆ ಸೇರಿಕೊಂಡಿತು. ಅವನು ತಳ್ಳಿದ, ಅದು ಒತ್ತಿತು. ಗುಂಡು ಅವನ ಮೀನಖಂಡ ಸೀಳಿ, ನೆಲದ ಹಾಸುಗಲ್ಲಿಗೆ ಬಡಿದು ಪುಟಿದು, ಗೋಡೆಯ ಪಕ್ಕ ಸರದಿಗೆ ಕಾಯುತ್ತಿದ್ದ ಒಬ್ಬ ಅಜ್ಜಿಯ ಗಾಲಿಕುರ್ಚಿಯ ಚಕ್ರಕ್ಕೆ ತಗುಲಿತು. ಚಕ್ರದ ಎರಡು ಕಡ್ಡಿ ಮುರಿದವು. ಅಜ್ಜಿಯ ಪಾದ ಆ ಕಡ್ಡಿಗಳಿಂದ ನಾಲ್ಕು ಬೆರಳು ದೂರದಲ್ಲಿತ್ತು. ನಾನು ಆಸ್ಪತ್ರೆಗೆ ಹೋಗಿ ಟೇಪು ಹಿಡಿದು ಅಳೆದಿದ್ದೇನೆ. ಅಳೆಯುವುದೊಂದೇ ನನಗೆ ಬರುವ ವಿದ್ಯೆ.

ಮರುದಿನ ಅವನ ಹಾಸಿಗೆಯ ಪಕ್ಕ ನಾನೂ ನನ್ನ ಹೆಂಡತಿಯೂ ಕೂತಿದ್ದೆವು. ಅವನು ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದ: "ಭಾವ, ನೀವು ಹೊಲಿದದ್ದು ಅಂತ ಯಾರಿಗೂ ಹೇಳಬೇಡಿ. ನಾನೇ ಟ್ರಿಗರ್ ಮೇಲೆ ಬೆರಳಿಟ್ಟೆ ಅಂತ ಬರೆದುಕೊಟ್ಟಿದ್ದೀನಿ."

"ನಿಂಗೇನು ತಲೆ ಕೆಟ್ಟಿದೆಯೇನೋ? ಹೋಗೋದು ನಿನ್ನ ಕೆಲಸ."

"ನನ್ನ ಕಾಲಂತೂ ಹೋಯ್ತು ಭಾವ. ನಿಮ್ಮನ್ನೂ ಹಿಡಿದುಕೊಂಡು ಹೋದ್ರೆ ಅಕ್ಕ ನನ್ನ ಇನ್ನೊಂದು ಕಾಲೂ ಮುರೀತಾಳೆ."

ಅವಳು ನಗಲಿಲ್ಲ. ಮನೆಗೆ ಬಂದು ಬಾಗಿಲ ಬೀಗ ತೆಗೆಯುವಾಗ ಕೇಳಿದಳು: "ಅಲ್ಲಾ ರೀ, ನಿಮ್ಮ ಕೈಯ ಕೆಲಸ ಕೆಟ್ಟದ್ದಕ್ಕೆ ಅವನ್ಯಾಕೆ ಸಹಿ ಹಾಕಬೇಕು?"

ಆ ವಾರವೇ ನಿಮ್ಮ ವಿಚಾರಣಾ ಕೋಣೆಗೆ ಹೋದೆ. ಹಸಿರು ಬಟ್ಟೆ ಹೊದಿಸಿದ ಮೇಜಿನ ಹಿಂದೆ ನಿಮ್ಮ ವಿಚಾರಣಾಧಿಕಾರಿ ಕೂತಿದ್ದರು. ಮೇಜುಬಟ್ಟೆಯ ಅಂಚಿನ ಮಡಿಕೆ ಬಿಚ್ಚಿ ನೂಲು ಜೋತಾಡುತ್ತಿತ್ತು, ಅದರ ಮೇಲೇ ನನ್ನ ಕಣ್ಣು. ನಡೆದ ಮಾತುಕತೆಯನ್ನು ನೆನಪಿರುವಂತೆ ಬರೆಯುತ್ತೇನೆ, ತಪ್ಪಿದ್ದರೆ ಅವರು ತಿದ್ದಲಿ.

"ನೀವು ನಮ್ಮ ಇಲಾಖೆಯ ಅಧಿಕೃತ ದರ್ಜಿಯೇನ್ರೀ?"

"ಅಲ್ಲ ಸಾರ್. ಎದುರಿನ ಅಂಗಡಿಯವನು."

"ಹಾಗಿದ್ರೆ ನಮ್ಮ ಒರೆ ನಿಮ್ಮ ಕೈಗೆ ಹೇಗೆ ಬಂತು? ಅದನ್ನ ಬದಲಾಯಿಸೋಕೆ ಯಾರಿಗೂ ಅನುಮತಿ ಕೊಟ್ಟಿಲ್ಲ. ಅನುಮತಿ ಕೊಟ್ಟಿಲ್ಲ ಅಂದಮೇಲೆ ಯಾರೂ ಬದಲಾಯಿಸಿಲ್ಲ."

"ಬದಲಾಯಿಸಿದವನೇ ನಿಮ್ಮೆದುರು ನಿಂತಿದ್ದೀನಲ್ಲ ಸಾರ್."

"ಸರಿ, ಬದಲಾಯಿಸಿದ್ರಿ ಅಂತಲೇ ಇಟ್ಕೊಳ್ಳೋಣ. ಅನುಮತಿ ಇಲ್ಲದೆ ಒರೆ ತಂದುಕೊಟ್ಟದ್ದು ಯಾರು? ನಿಮ್ಮ ಬಾಮೈದ. ಆಗ ಅಜಾಗರೂಕತೆ ಜೊತೆಗೆ ಅಶಿಸ್ತೂ ಸೇರುತ್ತೆ. ಬರ್ಕೊಳ್ಲಾ?"

ಹೇಳಿಕೆ ಬರೆದುಕೊಳ್ಳಿ ಎಂಬ ಮಾತನ್ನು ಅಲ್ಲಿಗೇ ಬಿಟ್ಟೆ. ಒಂದೇ ಒಂದು ಕೋರಿಕೆ ಇಟ್ಟೆ: ಆ ಒರೆಯನ್ನು ತರಿಸಿ ಬಿಚ್ಚಿ ನೋಡಿ. ಅದು ರಕ್ತದಲ್ಲಿ ನೆನೆದಿದ್ದರಿಂದ ಬಳಕೆಗೆ ಅನರ್ಹವೆಂದು ಘೋಷಿಸಿ ಸುಟ್ಟುಹಾಕಲಾಗಿದೆ ಎಂಬ ಉತ್ತರ ಬಂತು. ಮಾನ್ಯರೇ, ಅಳತೆ ಹೊಂದದಿದ್ದರೂ ನಿಮ್ಮ ಲೆಕ್ಕದಲ್ಲಿ ಇನ್ನೂ ವರ್ಷಗಟ್ಟಲೆ ಬಾಳಬೇಕಿದ್ದ ಒರೆಯ ಬಾಳಿಕೆ ಒಬ್ಬನ ರಕ್ತ ಬಿದ್ದ ಕೂಡಲೇ ಮುಗಿದುಹೋಯಿತು. ಹೊಸ ಒರೆ ಪಡೆಯಲು ಇದೇ ಸರಿಯಾದ ಕ್ರಮವಾಗಿದ್ದರೆ ಅದನ್ನು ಸುತ್ತೋಲೆಯಲ್ಲಿ ತಿಳಿಸಬಾರದೇ? ಉಳಿದ ಹತ್ತು ಜನರೂ ಒಂದೊಂದು ಕಾಲು ಸಿದ್ಧಮಾಡಿಕೊಳ್ಳುತ್ತಿದ್ದರು.

ಆ ಹತ್ತು ಜನರ ಸ್ಥಿತಿಯನ್ನೂ ಕೇಳಿ. ಗುಂಡು ಹಾರಿದ ಮೂರನೆಯ ದಿನವೇ ನಾನು ಒಬ್ಬೊಬ್ಬರನ್ನೂ ಕರೆದು ಪಟ್ಟಿ ತೆಗೆಸಿಕೊಳ್ಳಿ ಎಂದೆ. ನಾಲ್ವರು ತೆಗೆಸಿಕೊಂಡರು. ಈಗ ಅವರು ಪಿಸ್ತೂಲು ಬೀಳದಂತೆ ಬಲಗೈಯನ್ನು ಸೊಂಟಕ್ಕೆ ಅದುಮಿ ನಡೆಯುತ್ತಾರೆ. ಜನ ಅದನ್ನು ಗತ್ತು ಅಂದುಕೊಳ್ಳುತ್ತಾರೆ. ಉಳಿದ ಆರು ಮಂದಿ ಒಪ್ಪಲಿಲ್ಲ. "ತೆಗೆದರೆ ಬೀಳುತ್ತೆ, ಇಟ್ಟರೆ ಸಿಡಿಯುತ್ತೆ. ಬಿದ್ದರೆ ಎಲ್ಲರೆದುರು ಮಾನ ಹೋಗುತ್ತೆ, ಸಿಡಿದರೆ ಕಾಲು ಹೋಗುತ್ತೆ. ಕಾಲೇ ಹೋಗಲಿ ಬಿಡಿ" ಎಂದರು ಒಬ್ಬರು. ನಗುತ್ತಲೇ ಹೇಳಿದರು. ನಾನೂ ನಕ್ಕೆ.

ಅಂಗರಕ್ಷಕನ ಸೊಂಟದಲ್ಲಿರುವ ಆಯುಧವನ್ನು ಯಾರಿಗಾಗಿ ಕೊಟ್ಟಿದ್ದೀರಿ? ಅವನು ಕಾಯುವ ಗಣ್ಯರಿಗಾಗಿ. ಆದರೆ ಅದು ದಿನವಿಡೀ ತಿರುಗಾಡುವುದು ಗಾಲಿಕುರ್ಚಿಯ ಅಜ್ಜಿಯ ಪಕ್ಕದಲ್ಲಿ, ಶಾಲೆಯ ಮಕ್ಕಳ ಸಾಲಿನ ಮುಂದೆ, ಹೂಗುಚ್ಛ ಹಿಡಿದು ನಿಂತವರ ನಡುವೆ. ಒಬ್ಬರ ಪ್ರಾಣ ಕಾಯುವ ಕಬ್ಬಿಣ ಉಳಿದವರ ಪ್ರಾಣಕ್ಕೆ ಎರವಾಗದಂತೆ ತಡೆಯಲು ನಡುವೆ ಇರುವುದು ಒಂದು ಅಂಗೈ ಅಗಲದ ಚರ್ಮ. ಆ ಚರ್ಮವನ್ನು ನೀವು ಬೂಟು, ಟೋಪಿಗಳ ಪಟ್ಟಿಗೆ ಸೇರಿಸಿದ್ದೀರಿ. ಇಷ್ಟಾಗಿಯೂ ಅಜಾಗರೂಕ ಯಾರೆಂದು ನಿಮ್ಮ ವಿಚಾರಣೆ ಐವತ್ತೆರಡು ದಿನ ಹುಡುಕಿ, ಹಾಸಿಗೆಯಲ್ಲಿ ಮಲಗಿದವನನ್ನು ಕಂಡುಹಿಡಿಯಿತು.

ನನ್ನ ಬೇಡಿಕೆ ಇಷ್ಟೇ. ಆದೇಶಕ್ಕೆ ಸಹಿ ಹಾಕುವ ಮೊದಲು ನನ್ನ ಹೇಳಿಕೆಯನ್ನು ದಾಖಲಿಸಿಕೊಳ್ಳಿ. ಆ ಎರಡು ಪದಗಳನ್ನು ಅವನ ಕಡತದಿಂದ ಹೊಡೆದುಹಾಕಿ. ತಪ್ಪು ಯಾರದಾದರೂ ಒಬ್ಬರ ಹೆಸರಿಗೆ ಹೋಗಲೇಬೇಕೆಂದಿದ್ದರೆ ನನ್ನ ಅಂಗಡಿಯ ಬಾಗಿಲು ಬೆಳಗ್ಗೆ ಒಂಬತ್ತಕ್ಕೆ ತೆರೆಯುತ್ತದೆ, ಬನ್ನಿ. ಹತ್ತೂ ಜನರಿಗೆ ಅವರ ಪಿಸ್ತೂಲಿನ ಅಳತೆಯ ಒರೆ ಕೊಡಿ. ಅಲ್ಲಿಯವರೆಗೆ ಆ ಪಿಸ್ತೂಲುಗಳು ನಿಮ್ಮ ಶಸ್ತ್ರಾಗಾರದಲ್ಲೇ ಇರಲಿ.

ಸಾಕ್ಷಿ ಸುಟ್ಟುಹೋಯಿತೆಂದು ನೀವು ಹೇಳುವಂತಿಲ್ಲ. ನನ್ನ ಕೈಯ ಕೆಲಸ ಎಲ್ಲಿದ್ದರೂ ಒಳಬದಿಯ ಮೂಲೆಯಲ್ಲಿ ನೀಲಿ ದಾರದ ಮೂರು ಹೊಲಿಗೆ ಇರುತ್ತದೆ. ನನಗೆ ಕೆಲಸ ಕಲಿಸಿದ ಮಾಸ್ತರು ಹಾಕುತ್ತಿದ್ದರು, ನಾನೂ ಹಾಕುತ್ತೇನೆ. ನಿಮ್ಮ ಕೋಟಿನ ಒಳಜೇಬಿನ ಕೆಳಗೂ ಇದೆ, ನೋಡಿಕೊಳ್ಳಿ. ಪಟ್ಟಿ ಉಳಿಸಿಕೊಂಡ ಆರು ಒರೆಗಳಲ್ಲೂ ಇದೆ.

ಆ ಆರು ಜನರನ್ನು ಕೇಳದೆ ಇದನ್ನು ಬರೆದಿಲ್ಲ. ಐವರು ಕೂಡಲೇ ಒಪ್ಪಿದರು. ಆರನೆಯವರು ಒಂದು ದಿನ ಕಾಲಾವಕಾಶ ಕೇಳಿದರು. ಅವರು ದಿನವೂ ನಿಮ್ಮ ಕಾರಿನ ಮುಂದಿನ ಸೀಟಿನಲ್ಲಿ ಕೂರುವವರು. ಹಾಗೆ ಕೂತಾಗ ಒರೆ ಓರೆಯಾಗಿ, ಪಿಸ್ತೂಲಿನ ಬಾಯಿ ಹಿಂದಿನ ಸೀಟಿನ ಕಡೆಗೆ ತಿರುಗುತ್ತದೆ. ನಿನ್ನೆ ಅಂಗಡಿಗೆ ಬಂದು, ಕತ್ತರಿಸುವ ಮೇಜಿಗೆ ಒರಗಿ ನಿಂತು ಹೇಳಿದರು:

"ಬರೀರಿ ಮಾಸ್ಟ್ರೇ. ರಸ್ತೆಯ ಉಬ್ಬು ಬಂದಾಗಲೆಲ್ಲ ನನಗೆ ಸಾಹೇಬ್ರ ಮೊಣಕಾಲೇ ಕಣ್ಣಿಗೆ ಬರುತ್ತೆ."

ನನ್ನ ಬಾಮೈದನ ಕಾಲಿಗಾಗಿ, ಆ ಅಜ್ಜಿಯ ಪಾದಕ್ಕಾಗಿ ಬಿಚ್ಚದ ಕಡತವನ್ನು ನಿಮ್ಮ ಮೊಣಕಾಲಿಗಾಗಿಯಾದರೂ ಬಿಚ್ಚಿ. ನಾಳೆ ಬೆಳಗ್ಗೆ ಕಾರು ಹತ್ತುವ ಮುಂಚೆ ಅವರ ಒರೆಯನ್ನು ಕೇಳಿ ಪಡೆದು, ಬೆಳಕಿಗೆ ಹಿಡಿದು ಒಳಗೆ ನೋಡಿ. ನೀಲಿ ದಾರ ಕಂಡರೆ ನಾನು ಬರೆದದ್ದು ನಿಜ. ಆಮೇಲೆ ಹಿಂದಿನ ಸೀಟಿನಲ್ಲಿ ಕೂರುವುದೋ, ನಡೆದುಕೊಂಡು ಕಚೇರಿಗೆ ಹೋಗುವುದೋ, ನಿಮ್ಮ ವಿವೇಚನೆಗೆ ಬಿಟ್ಟದ್ದು.

ಇಂತಿ,
ನಿಮ್ಮ ಅಧಿಕೃತ ಪಟ್ಟಿಯಲ್ಲಿಲ್ಲದಿದ್ದರೂ ನಿಮ್ಮವರ ಸೊಂಟದಲ್ಲಿ ಇನ್ನೂ ಉಳಿದಿರುವ,
ಎದುರಿನ ಅಂಗಡಿಯ ದರ್ಜಿ