ಹದಿನೇಳನೆಯ ಹಾಳೆ

೧೩ ನವೆಂಬರ್ ೨೦೦೬, ಸೋಮವಾರ, ಕಾರವಾರ

ನಾಳೆ ಹಾಳೆಗಳ ಕಟ್ಟನ್ನು ಪ್ರಾಂಶುಪಾಲರಿಗೆ ಕೊಡಬೇಕಂತೆ.

ಸಂಶೋಧನೆಗೆಂದು ನಾನು ಪಾಠ ಮಾಡುವ ನರ್ಸಿಂಗ್ ಹುಡುಗಿಯರಿಂದ ವಾರ್ಡಿನಲ್ಲಿ ಮನಸ್ಸು ಕಲಕಿದ ಒಂದೊಂದು ಘಟನೆ ಬರೆಸಿದ್ದೆ. ಹೆಸರು ಬೇಡ, ಯಾರಿಗೂ ತೋರಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ವಾರ್ಡಿನಲ್ಲಿ ನಾವು ರೋಗಿಗಳನ್ನು ಊರಿನ ಹೆಸರಿನಿಂದಲೇ ಕರೆಯುವುದು. ಹದಿನೇಳನೆಯ ಹಾಳೆ ಬರೆದವಳು ಇನ್ಸುಲಿನ್ ಚುಚ್ಚಲು "ಅಮದಳ್ಳಿ ಅಜ್ಜಿ" ಎಂದು ಕೂಗಿದಾಗ ಅದೇ ಊರಿನ ಇನ್ನೊಬ್ಬ ಅಜ್ಜಿ ಓಗೊಟ್ಟಳು. ಇನ್ಸುಲಿನ್ ಅವಳಿಗೆ ಹೋಯಿತು. ಪುಣ್ಯಕ್ಕೆ ಉಳಿದಳು. ಅಂದು ಡ್ಯೂಟಿಯಲ್ಲಿ ಪ್ರಗತಿ ಒಬ್ಬಳೇ ಇದ್ದದ್ದು ಇಡೀ ಕಾಲೇಜಿಗೆ ಗೊತ್ತು.

ಸಂಜೆ ಅವಳೇ ಬಂದಳು. "ಖರೇ ಬರೀರಿ ಅಂದವ್ರು ನೀವೇ ಅಲ್ದಾ ಮೇಡಂ? ಈಗ ನನ್ನ ತೆಗೆದು ಹಾಕ್ತಾರಾ?"

ಆ ಹಾಳೆ ಅಕ್ಕಿ ಡಬ್ಬಿ ಸೇರಿದೆ. ಅದರ ಜಾಗಕ್ಕೆ, ನರ್ಸಿಂಗ್ ಓದುವಾಗ ಅಂಕೋಲೆಯಲ್ಲಿ ನಾನೇ ಮಾಡಿದ ತಪ್ಪನ್ನು ಬರೆಯುತ್ತಿದ್ದೇನೆ. ನನ್ನದೆಂದು ಗೊತ್ತಾಗದಂತೆ ಅಕ್ಷರವನ್ನು ಹುಡುಗಿಯರ ಹಾಗೆ ದುಂಡಗೆ ಮಾಡುತ್ತಿದ್ದೇನೆ. ಆದರೆ ನನ್ನ ರೋಗಿ ಉಳಿದಿರಲಿಲ್ಲ. ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ.