ಅಶ್ವತ್ಥಕಟ್ಟೆಗೆ ಬಿಟ್ಟ ಪಟ

೧ ಆಗಸ್ಟ್ ೨೦೦೨, ಗುರುವಾರ

ನಾಳೆ ಆಷಾಢದ ಕೊನೇ ಶುಕ್ರವಾರ. ನಿಂಬೆಹಣ್ಣು ತಂದಿಟ್ಟೆ. ಸೊಸೆ ಲತಾಮಣಿ ಇವತ್ತೂ ಬಸ್‌ಸ್ಟ್ಯಾಂಡ್ ಕಡೆಯಿಂದ ಹರಿದ ಪೋಸ್ಟರ್, ತುಕ್ಕು ತಗಡು, ಡಾಂಬರಿನ ಚೂರು — ಚೀಲದ ತುಂಬ ಹೊತ್ತು ತಂದಳು. ಎಲ್ಲಾ ಹಲಗೆಗೆ ಅಂಟಿಸಿ ಮೇಲೆ ಬಣ್ಣ ಬಳೀತಾಳೆ. ಇದು ನಮ್ಮ ಬೆಂಗಳೂರು ಅಂತಾಳೆ. ನನಗೆ ಅದರಲ್ಲಿ ಒಂದು ಮನೆಯೂ ಕಾಣದು.

ಮೇಲಿನ ಮನೆ ಸೀತಾಲಕ್ಷ್ಮಿ, "ನಿಮ್ಮ ಸೊಸೆ ಪೇಪರ್ ಆಯ್ತಿದ್ದಳಲ್ರೀ... ಮಗನ ಸಂಬಳ ಸಾಲ್ದಾ?" ಅಂದರು. ನಕ್ಕಂಗೆ ಮಾಡಿ ಒಳಗೆ ಬಂದೆ.

ದೊಡ್ಡ ಹಲಗೆಯ ಮೂಲೆಯಲ್ಲಿ ಬನಶಂಕರಿ ತಾಯಿ ಪಟ ಅಂಟಿಸಿದ್ದಾಳೆ. ಸುತ್ತ ಡಾಂಬರು. ಮಡಿಲಿಗೂ ಇಳಿದಿದೆ. ಕೇಳಿದರೆ, ಆಮೇಲೆ ಹೇಳ್ತೀನಿ ಅತ್ತೆ ಅಂತ ಹೋದಳು. ಅನ್ನ ಸೇರಲಿಲ್ಲ.

೨ ಆಗಸ್ಟ್, ಶುಕ್ರವಾರ, ಮಧ್ಯಾಹ್ನ

ಲತಾ ಡ್ರಾಯಿಂಗ್ ಹೇಳಿಕೊಡೋಕೆ ಸ್ಕೂಲಿಗೆ ಹೋದ ಮೇಲೆ ಬಿಸಿನೀರಿನ ಬಟ್ಟೆ ಇಟ್ಟು ಪಟ ನೆನೆಸಿದೆ. ಮೆತ್ತಗೆ ಬಿಡುತ್ತೆ ಅಂದ್ಕೊಂಡಿದ್ದೆ. ಕೆಳಗಿನ ಕಾಗದ, ಬಣ್ಣ, ಎಲ್ಲಾ ಪದರ ಪದರವಾಗಿ ಕಿತ್ಕೊಂಡು ಬಂತು... ಬೋಳು ಹಲಗೆ.

ಹಳೇ ಪಟ ಬಿಡೋ ಹಾಗೇ ಅರಿಶಿನ ಕುಂಕುಮ ಇಟ್ಟು ಅಶ್ವತ್ಥಕಟ್ಟೆಗೆ ಬಿಟ್ಟು ಬಂದೆ. ನಿನ್ನ ಮರ್ಯಾದೆ ಉಳಿಸಿದೆ ತಾಯಿ, ಅಂತ ಕೈಮುಗಿದೆ.

ಅದೇ ದಿನ, ಸಂಜೆ

ಲತಾ ನೋಡಿದಳು. ನೆಲದ ಮೇಲೇ ಕೂತಳು. ಸೋಮವಾರ ಎಕ್ಸಿಬಿಷನ್‌ಗೆ ಕಳಿಸಬೇಕಿತ್ತಂತೆ, ಅವಳದು ಮೊದಲನೇ ಸಲ. ಯಾರು ಮುಟ್ಟಿದ್ದು ಅಂದಳು.

"ಮುನಿಯಕ್ಕ ಒರೆಸ್ತಿದ್ದಳು..."

ಅಂತ ಕೆಲಸದವಳ ಮೇಲೆ ಹಾಕಿಬಿಟ್ಟೆ. ಬೆಳಿಗ್ಗೆ ಕುಂಕುಮಾರ್ಚನೇಲಿ ತಾಯಿ ಹೆಸರು ಹೇಳಿದ ಬಾಯಿ.

೩ ಆಗಸ್ಟ್, ಶನಿವಾರ

ಮುನಿಯಕ್ಕ ನಮ್ಮ ಮನೆ ಕೆಲಸಕ್ಕೆ ಬಂದು ಎಂಟು ವರ್ಷ. ಲತಾ ನಾಳೆಯಿಂದ ಬರಬೇಡ ಅಂದಳು. ನಾನಲ್ಲ ಕಣಮ್ಮಾ ಅಂತ ಅವಳು ಪೊರಕೆ ಹಿಡಿದೇ ನಿಂತಿದ್ದಳು. ನಾನು ಅಡುಗೆಮನೇಲಿ ಸೊಪ್ಪು ಬಿಡಿಸ್ತಿದ್ದೆ. ಬಿಡಿಸಿದ್ದನ್ನೇ ಮತ್ತೆ ಬಿಡಿಸಿದೆ.

ಅವಳು ಹೋದ ಮೇಲೆ ಲತಾ ಅತ್ತಳು. ಆಗ ಹೇಳಿದಳು. ಗಂಡಸರು ಉಚ್ಚೆ ಹುಯ್ಯಬಾರದು ಅಂತ ಕಾಂಪೌಂಡ್ ಗೋಡೆಗೆ ದೇವರ ಪಟ ಅಂಟಿಸಿರ್ತಾರಲ್ಲ — ಅಲ್ಲಿತ್ತಂತೆ ಅದು.

"ಪಟ ಇದ್ರೂ ಬಿಡ್ತಿರ್ಲಿಲ್ಲ ಅತ್ತೆ. ನೋಡಕ್ಕಾಗ್ದೆ ಬಿಡಿಸ್ಕೊಂಡು ಬಂದೆ. ತೊಳೆದು ಒಣಗಿಸಿ ಹಲಗೆಗೆ ಹಾಕಿದ್ದೆ. ಅಲ್ಲಾದ್ರೂ ಜನ ಅವಳ ಮುಖ ನೋಡ್ಲಿ ಅಂತ."

ಕಟ್ಟೆಗೆ ಓಡಿದೆ. ಗುಡಿಸಿಬಿಟ್ಟಿದ್ದರು. ಕಸದ ಗಾಡಿ ಹೋಗಿ ಆಗಿತ್ತು.

೬ ಆಗಸ್ಟ್, ಮಂಗಳವಾರ, ಸಂಜೆ

ರಾಹುಕಾಲಕ್ಕೆ ಗುಡೀಲಿ ನಿಂಬೆಹಣ್ಣಿನ ದೀಪ ಹಚ್ಚೋಕೆ ಹೋದೆ. ಹಚ್ಚಲಾಗಲಿಲ್ಲ. ತಾಯಿ ಕಣ್ಣು ನನ್ನ ಮೇಲೇ ಇದ್ದಂಗಿತ್ತು. ಮನೆಗೆ ವಾಪಸ್ ಬಂದರೆ ಗೇಟಿನ ಹತ್ತಿರ ಮುನಿಯಕ್ಕ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು...

"ನೀವೊಂದು ಮಾತು ಹೇಳ್ರಮ್ಮಾ. ನಾನು ಆ ರೂಮಿಗೇ ಹೋಗಿಲ್ಲ ಅಂತ. ನೀವು ದೇವರ ಮುಂದೆ ಕೂರೋರು, ನಿಮ್ಮ ಮಾತು ನಂಬ್ತಾರೆ."

ಒಳಗೆ ಕರೆದು ಕೂರಿಸಿದೆ. ಲತಾ ಈಗ ಬಂದಳು. ಇಬ್ಬರೂ ಹಾಲ್‌ನಲ್ಲಿದ್ದಾರೆ. ನಾನು ಟೀ ನೆಪ ಮಾಡಿಕೊಂಡು ಇಲ್ಲಿ ಬರೀತಾ ಕೂತಿದ್ದೀನಿ, ನಾಚಿಕೆ ಇಲ್ಲದವಳು.

ಲತಾ ಕರೀತಿದ್ದಾಳೆ. "ಅತ್ತೆ, ಬನ್ನಿ ಇಲ್ಲಿ. ನೀವು ಹೇಳಿದ್ರೆ ನಂಗೆ ಸಾಕು ಅಂತಿದ್ದಾಳೆ ಮುನಿಯಕ್ಕ."

ಟೀ ಇಳಿಸಿದೆ. ಹೋಗ್ತೀನಿ. ನಾನೇ ಅಂತ ಮೊದಲು ಹೇಳಿಬಿಡಬೇಕು, ಕೂರೋಕೆ ಮುಂಚೆ, ಕೂತರೆ ಮತ್ತೆ ಬಾಯಿ...