ನೆನೆದ ಬೇರು

ನವೆಂಬರ್ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಎರಡು ತಿಂಗಳಿಂದ ಬರೆದಿಲ್ಲ, ಬೈದುಕೋ. ಭಾವ ಓದಿ ಹೇಳುವಾಗ ನಡುನಡುವೆ ಸಾಲು ನುಂಗುತ್ತಾರೆ ಎಂದಿದ್ದೆಯಲ್ಲ, ಈ ಸಲ ಪಕ್ಕದಲ್ಲೇ ಕೂರಿಸಿಕೊಂಡು ಓದಿಸು.

ನಮ್ಮ ಕಾಡಿನ ಗ್ಯಾಸ್ ಪೈಪುಗಳನ್ನು ನಿಲ್ಲಿಸಿಬಿಟ್ಟರು. ಐವತ್ತು ವರ್ಷದ ನಂತರದ ಗಾಳಿ ಹೇಗಿರುತ್ತದೋ ನೋಡೋಣವೆಂದು ಹದಿನಾಲ್ಕು ವರ್ಷ ಇಂಗಾಲದ ಡೈಆಕ್ಸೈಡ್ ಕುಡಿಸಿದ ಮರಗಳು ಈಗ ಸುಮ್ಮನೆ ನಿಂತಿವೆ. ಒಣಗಿಸಿ ತೂಗಲೆಂದು ನಾವಿಬ್ಬರೂ ಅವುಗಳ ಬುಡದ ಮಣ್ಣು ತೊಳೆದು ಬೇರು ಆರಿಸುತ್ತಿದ್ದ ಸಿಂಕಿನಲ್ಲಿ ಈಗ ಟೀ ಲೋಟ ತೊಳೆಯುತ್ತಾರೆ.

ಆ ಮರಗಳಿಗೆ ಬೇರು ಜಾಸ್ತಿ, ಅವು ಬಾಳುತ್ತವೆ, ಗಾಳಿಯ ಇಂಗಾಲವನ್ನು ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ ಎಂದು ಸಾಹೇಬರು ವರದಿ ಕಳಿಸಿದ್ದರಲ್ಲ? ಅದು ಸುಳ್ಳಾಯಿತು. ಬೇರಿನ ಹಳೆಯ ಪೊಟ್ಟಣಗಳನ್ನು ಬಿಚ್ಚಿ ನೋಡಿದರೆ, ಜೀವಂತ ಎಂದು ಚೀಟಿ ಅಂಟಿಸಿದ್ದವುಗಳಲ್ಲಿ ಅರ್ಧ ಸತ್ತ ಬೇರು. ಬೇರು ಹೆಚ್ಚು ಹುಟ್ಟಿದ್ದು ನಿಜ, ಅಷ್ಟೇ ಬೇಗ ಸತ್ತವು. ಮಣ್ಣಿನೊಳಗಿನ ಬೂಷ್ಟು ಅವನ್ನು ತಿಂದು ಇಂಗಾಲವನ್ನು ಮತ್ತೆ ಗಾಳಿಗೇ ಬಿಟ್ಟಿತು. ಸಾಹೇಬರು ಸ್ಟೂಲಿನ ಮೇಲೆ ಕೂತರು. "ಕಾಡು ನಮ್ಮನ್ನ ಕಾಪಾಡುತ್ತೆ ಅಂದ್ಕೊಂಡಿದ್ವಿ. ಅದರ ಕೈಲೂ ಆಗಲ್ಲ ಕಣಮ್ಮ" ಎಂದರು.

ಆಮೇಲೆ, "ಇದು ಯಾರ ಕೆಲಸ?" ಎಂದು ಕೇಳಿದರು.

"ನಂದೇ ಸಾರ್" ಅಂದೆ. ನಾನು ತಟ್ಟೆಯಲ್ಲಿ ಆರಿಸಿಟ್ಟ ಬೇರುಗಳೇ ಅಕ್ಕ. ಬೆಳ್ಳಗಿದ್ದರೆ ಬದುಕಿದೆ, ಒಳಗೆ ಕಪ್ಪಾಗಿದ್ದರೆ ಸತ್ತಿದೆ ಎಂದು ನೀನು ಬಾಯಿ ನೋಯುವಷ್ಟು ಹೇಳಿದ್ದೆ. ನನಗೆ ಮನೆಗೆ ಓಡುವ ಅವಸರ. ಸೋಮವಾರದಿಂದ ಬರಬೇಡ ಎಂದಿದ್ದಾರೆ. ತುಂಬಾ ನಾಚಿಕೆಯಾಗಿದೆ.

ಕಣ್ಣಿಗೆ ಔಷಧಿ ಹಾಕುವುದನ್ನು ತಪ್ಪಿಸಬೇಡ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ,
ಗುಬ್ಬಿ

ತಾ.ಕ.: ಭಾವ, ಇದು ನಿಮಗೆ ಮಾತ್ರ. ಸಾಲು ನುಂಗಿ ಅಭ್ಯಾಸವಿದೆಯಲ್ಲ, ಇದನ್ನೂ ನುಂಗಿಬಿಡಿ. ಆ ಬೇರು ಆರಿಸಿದ್ದು ಅಕ್ಕ. ಕಣ್ಣು ಮಂಜಾದ ಮೇಲೆ ಬಣ್ಣ ಕಾಣದೆ ಬೆರಳಲ್ಲಿ ಬಗ್ಗಿಸಿ ನೋಡುತ್ತಿದ್ದಳು; ಮುರಿದರೆ ಸತ್ತದ್ದು, ಬಾಗಿದರೆ ಜೀವಂತ. ನೀರಲ್ಲಿ ನೆನೆದರೆ ಸತ್ತ ಬೇರೂ ಬಾಗುತ್ತದೆ ಭಾವ. ಎರಡು ವರ್ಷ ಪಕ್ಕದಲ್ಲೇ ಕೂತು ನೋಡಿದೆ. ಬಾಯಿಬಿಟ್ಟರೆ ಅವಳನ್ನು ಕೆಲಸ ಬಿಡಿಸಿ ಮನೆಗೆ ಕಳಿಸುತ್ತಾರೆಂದು, 'ಜೀವಂತ' ಎಂಬ ಚೀಟಿಯನ್ನು ನಾನೇ ಬರೆದು ಅಂಟಿಸುತ್ತಿದ್ದೆ. ಈಗ ಅವಳು "ಅಷ್ಟು ಹೇಳಿಕೊಟ್ಟಿದ್ದೆನಲ್ಲ, ಕತ್ತೆ" ಎಂದು ನನ್ನನ್ನು ಬೈಯುತ್ತಿರಬೇಕು. ಬೈಯಲಿ, ತಡೆಯಬೇಡಿ.